ಕಂಬಿಯ ಮೇಲಿನ ಕೆಂಪು ಟವೆಲ್

"ಎಳೀರಿ ಚಿಕ್ಕಮ್ಮ, ಎಳೀತಾ ಇರಿ. ಬರ್ತಾ ಇದೆ."

ಮೇಲಿನಿಂದ ಈ ಮಾತು ಕೇಳಿದಾಗ ಚಿಕ್ಕಮ್ಮ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಗವಾಕ್ಷಿಯೊಳಗೆ ಮೊಣಕೈವರೆಗೂ ಕೈ ತೂರಿಸಿದ್ದಳು. ಮೊದಲು ಒಂದು ಹಿಡಿ ಧೂಳು ಬಂತು, ಆಮೇಲೆ ಯಾವುದೋ ಹಕ್ಕಿ ಕಟ್ಟಿ ಬಿಟ್ಟುಹೋದ ಗೂಡಿನ ಕಡ್ಡಿಗಳು ಬಂದವು, ಕೊನೆಗೆ ಬೂದು ಬಣ್ಣದ ಕೇಬಲ್ಲಿನ ತುದಿ ಬೆರಳಿಗೆ ಸಿಕ್ಕಿತು. ಅವಳು ಅದನ್ನು ಬಿಟ್ಟರೆ ಓಡಿಹೋಗುತ್ತದೇನೋ ಎಂಬಂತೆ ಬಿಗಿಯಾಗಿ ಹಿಡಿದುಕೊಂಡು, "ಸಿಕ್ತು ಕಣೇ, ಸಿಕ್ತು" ಎಂದಳು. ಕಣ್ಣಿಗೆ ಧೂಳು ಬಿದ್ದಿತ್ತು. ಅದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅವಳು ಆ ಕಟ್ಟಡದಲ್ಲಿ ಯಾರಿಗೂ ಚಿಕ್ಕಮ್ಮ ಅಲ್ಲ. ಅದು ಓದುವ ಹುಡುಗಿಯರಿಗೆ ಕೋಣೆ ಬಾಡಿಗೆಗೆ ಕೊಡುವ ಕಟ್ಟಡ. ಅಲ್ಲಿರುವವರೆಲ್ಲ ಇಪ್ಪತ್ತರ ಆಸುಪಾಸಿನವರು, ಇವಳೊಬ್ಬಳು ಮಾತ್ರ ಮದುವೆಯಾಗಿ, ಮಗ ಹುಟ್ಟಿ, ಗಂಡನ ಜೊತೆಗಿನ ಋಣ ಹರಿದ ಮೇಲೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಕೋರ್ಸಿಗೆ ಬಂದು ಸೇರಿದವಳು. ಬಂದ ಮೊದಲ ಬೆಳಿಗ್ಗೆ ಬಚ್ಚಲ ಮನೆಯ ಸಾಲಿನಲ್ಲಿ ಅರೆನಿದ್ದೆಯ ಹುಡುಗಿಯೊಬ್ಬಳು "ಚಿಕ್ಕಮ್ಮ, ನಿಮ್ಮ ಹಿಂದೆ ನಾನು" ಅಂದಳು. ಅಲ್ಲಿಗೆ ಹೆಸರು ಅಂಟಿಕೊಂಡಿತು. ಮೊದಮೊದಲು ಒಳಗೊಳಗೇ ಚುಚ್ಚುತ್ತಿತ್ತು, ಈಗ ನಿಜವಾದ ಹೆಸರು ಕರೆದರೆ ತಿರುಗಿ ನೋಡುವುದೇ ತಡವಾಗುತ್ತದೆ.

ಮೇಲಿನಿಂದ ಕೇಬಲ್ ಬಿಡುತ್ತಿದ್ದವಳು ಇಳಿದು ಬಂದಳು. ಅವಳಿಗೂ ಅಡ್ಡಹೆಸರೇ, ತಂತಿ. ಎಲೆಕ್ಟ್ರಾನಿಕ್ಸ್ ಓದುವ ಸಣಕಲು ಹುಡುಗಿ. ಈ ಕಟ್ಟಡಕ್ಕೆಲ್ಲ ಇಂಟರ್‌ನೆಟ್ ಎಳೆದವಳು ಅವಳೇ. ಕೇಬಲ್ಲಿನ ತುದಿಯನ್ನು ಕೋಣೆಯ ಮೂಲೆಯಲ್ಲಿದ್ದ ಸಣ್ಣ ಪೆಟ್ಟಿಗೆಗೆ ಸಿಕ್ಕಿಸಿ, ದೀಪ ಹತ್ತುವುದನ್ನು ನೋಡುತ್ತಾ ಕುಕ್ಕರಗಾಲಲ್ಲಿ ಕೂತಳು. ಹಸಿರು ದೀಪ ಹತ್ತಿತು. ಚಿಕ್ಕಮ್ಮ ಸ್ಟೂಲಿನಿಂದ ಇಳಿದು ಕಣ್ಣಿನ ಧೂಳು ಒರೆಸಿಕೊಂಡಳು.

"ನಾಳೆ ಮಧ್ಯಾಹ್ನ ನಾನಿರಲ್ಲ, ಪ್ರಾಕ್ಟಿಕಲ್ಸ್ ಇದೆ" ಎಂದಳು ತಂತಿ. "ಹೋಗೋ ಮುಂಚೆ ಮೇಲಿನ ಪೆಟ್ಟಿಗೇಲಿ ಉಳಿದವರನ್ನೆಲ್ಲ ಲಾಕ್ ಮಾಡಿ ಹೋಗ್ಲಾ? ನಿಮಗೊಬ್ಬರಿಗೇ ಲೈನ್ ಸಿಗೋ ಹಾಗೆ?"

ಚಿಕ್ಕಮ್ಮ ಒಂದು ಗಳಿಗೆ ಯೋಚಿಸಿದಳು. ಆ ಒಂದು ಗಳಿಗೆಯನ್ನು ಅವಳು ಆಮೇಲೆ ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದಳೋ ಲೆಕ್ಕವಿಲ್ಲ.

"ಬೇಡ ಕಣೇ. ಇವತ್ತು ನಾನು ಬೀಗ ಹಾಕಿದ್ರೆ ನಾಳೆ ಎಲ್ಲರೂ ಹಾಕ್ತಾರೆ. ಟವೆಲ್ ಇದೆಯಲ್ಲ. ಟವೆಲ್ ಸಾಕು."

ಟವೆಲಿನ ವಿಷಯ ಸ್ವಲ್ಪ ಹೇಳಬೇಕು. ಕಟ್ಟಡದ ಹಿಂದೆ ತಗಡಿನ ಚಾವಣಿಯ ದೊಡ್ಡ ಗೋಡೌನ್ ಇದೆ. ಅದರ ನೆರಳಿನಲ್ಲಿ ಮೊಬೈಲಿನ ಸಿಗ್ನಲ್ ಎಂಬುದು ಬದುಕುವುದಿಲ್ಲ. ಯಾರಿಗಾದರೂ ಫೋನ್ ಮಾಡಬೇಕೆಂದರೆ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ನಿಲ್ಲಬೇಕು. ಮಾಲೀಕನೋ, ಗೋಡೆಗೆ ಒಂದು ತೂತು ಬಿದ್ದರೂ ಸಾಮಾನು ಸಮೇತ ಆಚೆ ಎಂದು ಮೊದಲೇ ಹೇಳಿದ ಮನುಷ್ಯ. ಅಂಥಲ್ಲಿ ಎಲ್ಲರೂ ಸೇರಿ ಒಂದು ಲೈನ್ ತೆಗೆದುಕೊಳ್ಳೋಣ, ಕೇಬಲ್ಲನ್ನು ಗವಾಕ್ಷಿಗಳಲ್ಲೇ ತೂರಿಸೋಣ ಎಂದು ಬಾಗಿಲು ಬಾಗಿಲು ತಟ್ಟಿದವಳು ಚಿಕ್ಕಮ್ಮ. ಮೇಲಿನ ಅಂತಸ್ತಿನಲ್ಲಿ ಸಿನಿಮಾ ಎಂದು ಕರೆಸಿಕೊಳ್ಳುವ ಹುಡುಗಿಯೊಬ್ಬಳು, "ನನಗೇನೂ ಅವಸರ ಇಲ್ಲ, ಯೋಚನೆ ಮಾಡ್ತೀನಿ" ಎಂದು ಮೂಗು ಮುರಿದಾಗ, "ನಿನ್ನ ಸರದಿಯ ಮೆಟ್ಟಿಲು ನಾನೇ ಗುಡಿಸ್ತೀನಿ, ಒಪ್ಕೋ" ಎಂದಳು. ಬೇಡಿದಳು ಎಂದೇ ಹೇಳಬೇಕು. ಸಿನಿಮಾ ಒಪ್ಪಿದಳು. ಚಿಕ್ಕಮ್ಮ ಮಾತಿಗೆ ತಪ್ಪದೆ ಇವತ್ತಿಗೂ ಗುಡಿಸುತ್ತಾಳೆ.

ಲೈನ್ ಬಂದ ಮೇಲೆ ಬೇರೆ ತಾಪತ್ರಯ. ಎಲ್ಲರೂ ಒಟ್ಟಿಗೆ ಹಚ್ಚಿಕೊಂಡರೆ ಯಾರಿಗೂ ಇಲ್ಲ. ಒಬ್ಬಳ ಕೆಲಸದ ಸಂದರ್ಶನ ಅರ್ಧಕ್ಕೆ ನಿಂತಾಗ ಅವಳು ಸಿಟ್ಟಿನಲ್ಲಿ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತಳು, ಇನ್ನೊಬ್ಬಳ ಪ್ರಾಜೆಕ್ಟು ಅರ್ಧದಲ್ಲೇ ಹಾಳಾಯಿತು, ಎರಡು ಅಂತಸ್ತುಗಳ ನಡುವೆ ಮಾತುಕತೆ ನಿಂತಿತು. ಆಗ ಚಿಕ್ಕಮ್ಮ ತನ್ನ ಕೆಂಪು ಟವೆಲನ್ನು ತಂದು, ಪೆಟ್ಟಿಗೆ ಇರುವ ಮೊದಲ ಅಂತಸ್ತಿನ ಮೆಟ್ಟಿಲ ತಿರುವಿನಲ್ಲಿ, ಕಬ್ಬಿಣದ ಕಂಬಿಯ ಮೇಲೆ ಹಾಕಿದಳು. "ಪರೀಕ್ಷೆಯೋ ಸಂದರ್ಶನವೋ ಇದ್ದವರು ಇದನ್ನ ಇಲ್ಲಿ ಹಾಕಿ. ಇದು ಇಲ್ಲಿರೋವರೆಗೂ ಯಾರೂ ನೆಟ್ ಮುಟ್ಟೋದು ಬೇಡ. ಯಾರದು, ಯಾಕೆ ಅಂತ ಕೇಳೋದೂ ಬೇಡ. ಹಾಕಿದವರೇ ತೆಗೀಬೇಕು." ಅವತ್ತಿನಿಂದ ಅದು ನಡೆದುಕೊಂಡು ಬಂದಿದೆ. ಹುಡುಗಿಯರು ಟವೆಲ್ ಕಂಡರೆ ನೆಟ್ ಬಿಡುವುದಷ್ಟೇ ಅಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಾರೆ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಆ ಟವೆಲ್ ಎಂದರೆ ಚಿಕ್ಕಮ್ಮನಿಗೆ ಸಣ್ಣ ಹೆಮ್ಮೆಯೇ ಇತ್ತು.

ಆದರೆ ಬೇರೆಯವರ ಪರೀಕ್ಷೆಗಾಗಿ ಅವಳು ಇಷ್ಟೆಲ್ಲ ಒದ್ದಾಡಿರಲಿಲ್ಲ. ಅವಳ ಮಗ ಪುಟ್ಟ, ಗಂಡನ ಅಕ್ಕನ ಮನೆಯಲ್ಲಿದ್ದ. ಕೋರ್ಸಿಗೆ ಸೇರುವಾಗ, ಉಳಿಯಲು ಜಾಗ ಸಿಗುವವರೆಗೆ ಇರಲಿ ಎಂದು ಬಿಟ್ಟು ಬಂದದ್ದು. ಜಾಗ ಸಿಕ್ಕ ಮೇಲೆ ಕರೆತರಲು ಹೋದರೆ, "ಹಾಸ್ಟೆಲಿನಲ್ಲಿ ಹುಡುಗೀರ ಮಧ್ಯೆ ಮಗು ಬೆಳೆಯುತ್ತಾ? ಇಲ್ಲೇನು ಕಡಿಮೆಯಾಗಿದೆ ಅವನಿಗೆ?" ಎಂದಳು ಗಂಡನ ಅಕ್ಕ. ಕಡಿಮೆ ಏನೂ ಆಗಿರಲಿಲ್ಲ, ಅದೇ ಕಷ್ಟ. ದೊಡ್ಡ ಮನೆ, ಅಂಗಳ, ಒಂದು ನಾಯಿ, ಮೂರು ಹೊತ್ತು ಬಿಸಿ ಊಟ. ಲಾರಿ ಓಡಿಸುತ್ತಾ ಊರೂರು ಸುತ್ತುವ ಗಂಡ ಅಕ್ಕ ಹೇಳಿದ್ದಕ್ಕೆ ತಲೆಯಾಡಿಸಿದ. ವಿಷಯ ಕೋರ್ಟಿಗೆ ಹೋಯಿತು.

ನ್ಯಾಯಾಧೀಶೆ ಮಗುವನ್ನು ತಾಯಿಗೆ ಕೊಡಲು ಒಲ್ಲೆ ಎನ್ನಲಿಲ್ಲ. ಮಗು ಇರುವ ಜಾಗ ನೋಡಬೇಕು ಎಂದಳು. ದೂರದ ಊರಿನಿಂದ ಬಂದು ನೋಡಲಾಗದು, ವಿಡಿಯೋದಲ್ಲಿ ತೋರಿಸಲಿ. ನಾಳೆ ಮಧ್ಯಾಹ್ನ ಅದೇ. ಶಾಲೆಗಳು ಇನ್ನೇನು ತೆರೆಯುವುದರಲ್ಲಿದ್ದವು. ನಾಳೆ ಆದೇಶ ಬಂದರೆ ಪುಟ್ಟ ಪಕ್ಕದ ಬೀದಿಯ ಶಾಲೆಗೆ ಸೇರುತ್ತಾನೆ, ಅಲ್ಲಿ ಅವನಿಗೊಂದು ಸೀಟು ಹಿಡಿದಿಟ್ಟಿದ್ದಾರೆ. ಬರದಿದ್ದರೆ ಅಲ್ಲೇ ಉಳಿಯುತ್ತಾನೆ. ವಕೀಲ ಮುಚ್ಚುಮರೆಯಿಲ್ಲದೆ ಹೇಳಿದ್ದ, "ನೋಡಮ್ಮ, ಇನ್ನೊಂದು ವರ್ಷ ಅಲ್ಲೇ ಬೇರು ಬಿಟ್ಟರೆ, ಆಮೇಲೆ ಕಿತ್ತು ತನ್ನಿ ಅಂತ ಯಾವ ಕೋರ್ಟೂ ಹೇಳಲ್ಲ."

ಆ ಜಾಗ ಎಂದರೆ ಕೆಳಗಿನ ಈ ಕೋಣೆ. ಮಾಲೀಕ ಮುರಿದ ಮಂಚಗಳನ್ನು ತುಂಬಿಟ್ಟಿದ್ದ ಉಗ್ರಾಣ ಇದು. ಕಾಡಿ ಬೇಡಿ ಇದನ್ನು ಬಿಡಿಸಿಕೊಂಡು, ಹುಡುಗ ಚಿಕ್ಕವನಾಗಿರುವವರೆಗೆ ಇರಬಹುದು ಎಂಬ ಒಪ್ಪಿಗೆಯನ್ನೂ ಪಡೆದಿದ್ದಳು. ಒಂದು ಗೋಡೆಗೆ ಹಳದಿ ಬಣ್ಣ ಹೊಡೆದಿದ್ದಳು. ಪುಟ್ಟನ ಕೈಗೆಟುಕುವ ಎತ್ತರದಲ್ಲಿ ಒಂದು ಹಲಗೆ, ಕಿಟಕಿಯ ಕೆಳಗೆ ಚಿಕ್ಕ ಮಂಚ. ಮಂಚದ ಎದುರಿನ ಗೋಡೆಯ ಮೇಲೆ ಅವಳೇ ಬರೆದ ಪಟ: ಮೇಲೆ ದೊಡ್ಡ ಮೀನು, ಅದರ ಕೆಳಗೆ ಅದಕ್ಕಿಂತ ಚಿಕ್ಕ ಮನೆ, ಕೊಡೆ, ದೋಣಿ, ಹೀಗೆ ಸಾಲು ಸಾಲಾಗಿ ಚಿಕ್ಕದಾಗುತ್ತಾ ಕೊನೆಯ ಸಾಲಿನಲ್ಲಿ ಇರುವೆಯಷ್ಟು ಪುಟ್ಟ ನಕ್ಷತ್ರ. ಅಕ್ಷರ ಬಾರದ ಮಕ್ಕಳ ಕಣ್ಣು ನೋಡಲು ಹೀಗೆ ಮಾಡುತ್ತಾರೆ. ಪುಟ್ಟನಿಗೆ ಅಕ್ಷರ ಬರುತ್ತಿತ್ತು, ಆದರೂ ಚಿತ್ರವೇ ಇರಲಿ ಎಂದು ಬರೆದಿದ್ದಳು. ಕಳೆದ ಸಲ ನೋಡಲು ಹೋದಾಗ ಅವನು ಪುಸ್ತಕವನ್ನು ಮೂಗಿಗೆ ತಾಗುವಂತೆ ಹಿಡಿದು, ಕಣ್ಣು ಕಿರಿದು ಮಾಡಿ ಓದುತ್ತಿದ್ದ. ಗಂಡನ ಅಕ್ಕನಿಗೆ ಹೇಳಿದರೆ, "ಟೀವಿ ಜಾಸ್ತಿ ನೋಡ್ತಾನೆ, ಅಷ್ಟೆ" ಎಂದಿದ್ದಳು. ದಿನವೂ ಊರ ಮಕ್ಕಳ ಕಣ್ಣಿಗೆ ಟಾರ್ಚು ಬಿಟ್ಟು ನೋಡುವವಳಿಗೆ ಸ್ವಂತ ಮಗನ ಕಣ್ಣು ನೋಡುವ ಹಕ್ಕಿರಲಿಲ್ಲ.

ಸಂಜೆ ಅವಳ ತಾಯಿ ಬಂದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಹೊಸ ಪೊರಕೆ. ಚಿಕ್ಕಮ್ಮ ಕ್ಲಾಸಿಗೆ ಹೋದಾಗ ಪುಟ್ಟನನ್ನು ನೋಡಿಕೊಳ್ಳುವವರು ಯಾರು ಎಂದು ಕೋರ್ಟು ಕೇಳಿತ್ತು. ತಾಯಿ, ನಾನು ಹೋಗಿ ಇರುತ್ತೇನೆ ಎಂದು ಇದ್ದ ಬಾಡಿಗೆ ಮನೆಯನ್ನು ಬಿಟ್ಟು ಬಂದಿದ್ದಳು. ವಯಸ್ಸು ಮುಗಿಯುವವರೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದ ಹೆಂಗಸು. ಅವಳ ಕಣ್ಣಿಗೆ ಬಿದ್ದ ಬಟ್ಟೆ ಮಡಿಸಿಕೊಳ್ಳದೆ ಉಳಿಯುವುದಿಲ್ಲ. ಮಾತಾಡುತ್ತಲೇ ಇರುತ್ತಾಳೆ, ಕೈ ತನ್ನ ಪಾಡಿಗೆ ಅಂಚಿಗೆ ಅಂಚು ಕೂಡಿಸಿ ಚೌಕ ಮಾಡುತ್ತಿರುತ್ತದೆ. ಮಗಳು ಚಿಕ್ಕವಳಿದ್ದಾಗ, "ನಮ್ಮಮ್ಮ ನನ್ನನ್ನೂ ಮಡಿಸಿ ಇಟ್ಟುಬಿಡ್ತಾಳೆ" ಎಂದು ಅಕ್ಕಪಕ್ಕದವರನ್ನು ನಗಿಸುತ್ತಿದ್ದಳು.

"ಜಡ್ಜು ನೋಡ್ತಾರೆ ಅಂತೀಯ, ಈ ಕಿಟಕಿ ಸರಳಿನ ಸಂದೀಲಿ ನೋಡು ಎಷ್ಟು ಕಸ ಇದೆ" ಎನ್ನುತ್ತಾ ತಾಯಿ ಸೆರಗು ಸಿಕ್ಕಿಸಿದಳು.

"ಅಮ್ಮ, ಅಷ್ಟೆಲ್ಲ ಕಾಣಲ್ಲ ವಿಡಿಯೋದಲ್ಲಿ."

"ಕಾಣಲ್ಲ ಅಂತ ಬಿಟ್ಟಿದ್ದೇ ಕಾಣೋದು. ನೀನು ಸುಮ್ಮನಿರು."

ಕಿಟಕಿ ಆಯಿತು, ನೆಲ ಆಯಿತು, ಬಾಗಿಲು, ಹೊಸ್ತಿಲು ಆಯಿತು. ಬೆಳಿಗ್ಗೆ ಎದ್ದು ಹೊರಗಿನ ಕಟ್ಟೆಯನ್ನೂ ತೊಳೆದಳು. ಚಿಕ್ಕಮ್ಮ ಅವಳಿಗೆ ಎಲ್ಲವನ್ನೂ ಹೇಳಿಕೊಟ್ಟಳು. ಎಲ್ಲಿ ಕೂರಬೇಕು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಗಂಡನ ಅಕ್ಕ ಏನಂದರೂ ಮಧ್ಯೆ ಬಾಯಿ ಹಾಕಬಾರದು, ಪುಟ್ಟ ಕಂಡರೆ ಅಳಬಾರದು. ತಾಯಿ ಎಲ್ಲಕ್ಕೂ ಹೂಂ ಎಂದಳು. ಟವೆಲಿನ ವಿಷಯ ಮಾತ್ರ ಚಿಕ್ಕಮ್ಮ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಮರೆತದ್ದೂ ಅಲ್ಲ. ಆ ಕಟ್ಟಡದಲ್ಲಿದ್ದವರಿಗೆ ಅದು ಹೇಳಬೇಕಾದ ವಿಷಯ ಎಂದೇ ಅನಿಸುತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ತಾಯಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಚಿಕ್ಕಮ್ಮ ಮೇಲೆ ಹೋಗಿ ಕಂಬಿಗೆ ಟವೆಲ್ ಹಾಕಿದಳು. ಎರಡೂ ಕಡೆ ಸಮವಾಗಿ ಇಳಿಬಿಟ್ಟಳು. ಪರೀಕ್ಷೆಗೆ ಓದಿಕೊಳ್ಳುವ ರಜೆ ಇದ್ದದ್ದರಿಂದ ಹುಡುಗಿಯರೆಲ್ಲ ಕೋಣೆಗಳಲ್ಲೇ ಇದ್ದರು. ಬಾಗಿಲುಗಳು ತೆರೆದು ಒಬ್ಬೊಬ್ಬರೇ ತಲೆ ಹೊರಹಾಕಿದರು.

"ನಾನು ಫೋನೇ ಆಫ್ ಮಾಡಿದೀನಿ ಚಿಕ್ಕಮ್ಮ" ಎಂದಳು ಸಿನಿಮಾ. "ಪುಟ್ಟ ಬಂದ್ರೆ ಮೆಟ್ಟಿಲು ಗುಡಿಸೋ ಕೆಲಸ ನನ್ನದು."

ಚಿಕ್ಕಮ್ಮನಿಗೆ ನಗಬೇಕೆನಿಸಿತು, ತುಟಿ ಒಣಗಿ ಹಲ್ಲಿಗೆ ಅಂಟಿತ್ತು. ಕೈ ಬೀಸಿ ಕೆಳಗಿಳಿದಳು.

ಪರದೆಯ ಮೇಲೆ ಮುಖಗಳು ಒಂದೊಂದಾಗಿ ಬಂದವು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಿದ್ದ ನ್ಯಾಯಾಧೀಶೆ, ಇವಳ ವಕೀಲ, ಅವರ ವಕೀಲ. ಆಮೇಲೆ ಗಂಡನ ಅಕ್ಕ, ಅವಳ ಪಕ್ಕದ ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದೆ ಕೂತ ಪುಟ್ಟ. ಕೂದಲು ತುಂಬಾ ಗಿಡ್ಡವಾಗಿ ಕತ್ತರಿಸಿದ್ದರು, ಕಿವಿಗಳೆರಡೂ ದೊಡ್ಡದಾಗಿ ಕಾಣುತ್ತಿದ್ದವು. ಚಿಕ್ಕಮ್ಮ ಅವನನ್ನೇ ನೋಡಿದರೆ ಮಾತು ಕೈಕೊಡುತ್ತದೆ ಎಂದು ನ್ಯಾಯಾಧೀಶೆಯ ಕಡೆಗೇ ಕಣ್ಣು ನೆಟ್ಟಳು.

ಚಿತ್ರ ಸ್ವಚ್ಛವಾಗಿತ್ತು, ದನಿ ಸ್ವಚ್ಛವಾಗಿತ್ತು. ನ್ಯಾಯಾಧೀಶೆ ಕೋರ್ಸು ಯಾವಾಗ ಮುಗಿಯುತ್ತದೆ ಎಂದು ಕೇಳಿದಳು, ತಾಯಿಯನ್ನು ಕರೆದು ಮಾತಾಡಿಸಿದಳು. "ನೀವು ಇಲ್ಲೇ ಇರ್ತೀರಾ ಅಮ್ಮ?"

"ಇಲ್ಲೇ ಇರ್ತೀನಿ ತಾಯಿ. ಮನೆ ಬಿಟ್ಟೇ ಬಂದಿದೀನಿ. ನನಗೆ ಇನ್ನೇನು ಕೆಲಸ."

ನ್ಯಾಯಾಧೀಶೆಯ ಮುಖದಲ್ಲಿ ಸಣ್ಣ ನಗು ಬಂದುಹೋಯಿತು. "ಸರಿ, ಕೋಣೆ ತೋರಿಸಿ."

ಚಿಕ್ಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿದಳು. ಮಂಚ. ಕಿಟಕಿ. ಬೆಳಕು ಬರುತ್ತೆ, ಬೆಳಿಗ್ಗೆ ಹೊತ್ತು ಇನ್ನೂ ಚೆನ್ನಾಗಿ ಬರುತ್ತೆ. ಇದು ಅವನ ಪುಸ್ತಕಕ್ಕೆ. ಅಡುಗೆ ಈ ಮೂಲೆಯಲ್ಲಿ. ಹಿಂದೆ ಬಚ್ಚಲು. ಅವರ ವಕೀಲ ಏನೋ ಹೇಳಲು ಬಾಯಿ ತೆರೆದರೆ ನ್ಯಾಯಾಧೀಶೆ ಕೈ ಎತ್ತಿ ತಡೆದಳು. "ಕೋಣೆ ಚೆನ್ನಾಗಿದೆ. ಆಮೇಲೆ ಹೊರಗಡೇನೂ ಒಂಚೂರು ತೋರಿಸಿ. ಮಗು ಓಡಾಡೋ ಜಾಗ, ಮೆಟ್ಟಿಲು, ಕಂಬಿ ಎಲ್ಲ ಗಟ್ಟಿಯಾಗಿದೆಯಾ ಅಂತ ನೋಡಬೇಕು."

ಬಾಗಿಲ ಬಳಿ ನಿಂತಿದ್ದ ತಾಯಿಗೆ ಮೆಟ್ಟಿಲು ಎಂಬ ಮಾತು ಕಿವಿಗೆ ಬಿತ್ತು. ಹೊರಗಿನ ಕಟ್ಟೆ ತೊಳೆದಿದ್ದಳು, ಮೆಟ್ಟಿಲ ಕಡೆ ಹೋಗಿಯೇ ಇರಲಿಲ್ಲ. ಅಯ್ಯೋ ಎಂದುಕೊಂಡು, ಸದ್ದಾಗದಂತೆ ಬಾಗಿಲು ಸರಿಸಿ ಹೊರಗೆ ಬಂದಳು. ಮೆಟ್ಟಿಲು ಸ್ವಚ್ಛವಾಗಿಯೇ ಇತ್ತು. ಆದರೆ ಮೇಲಿನ ತಿರುವಿನಲ್ಲಿ, ಹೋಗಿಬರುವವರೆಲ್ಲ ಕೈಯಿಡುವ ಕಂಬಿಯ ಮೇಲೆ, ಯಾವಳೋ ಮೈಯೊರೆಸಿದ ಟವೆಲನ್ನು ಜೋತುಹಾಕಿದ್ದಳು. ಜಡ್ಜು ನೋಡಿದರೆ ಏನಂದುಕೊಳ್ಳಬೇಕು. ಇಷ್ಟೊತ್ತು ಇಷ್ಟು ಚೆನ್ನಾಗಿ ನಡೆದದ್ದು ಒಂದು ಟವೆಲಿನಿಂದ ಹಾಳಾಗಬೇಕೆ. ತಾಯಿ ಮಂಡಿನೋವನ್ನು ಮರೆತು ಸರಸರ ಮೇಲೆ ಹತ್ತಿ ಅದನ್ನು ತೆಗೆದಳು, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು, ಸೆರಗಿನಿಂದ ಕಂಬಿಯನ್ನು ಒಂದು ಸಲ ಒರೆಸಿದಳು. ನೋಡಿದಳು. ಈಗ ಸರಿಯಾಗಿತ್ತು.

ಟವೆಲನ್ನು ಕಂಕುಳಲ್ಲಿಟ್ಟುಕೊಂಡು ಅವಳು ಕೆಳಗಿಳಿದು ಹಿತ್ತಲಿಗೆ ಹೋದಾಗಲೇ ಮೇಲಿನಿಂದ ಒಬ್ಬ ಹುಡುಗಿ ನೀರಿನ ಬಾಟಲಿ ಹಿಡಿದು ಬಂದದ್ದು. ತಿರುವಿಗೆ ಬಂದು ಬರಿಯ ಕಂಬಿ ನೋಡಿದಳು. ಅವಳ ಮುಖ ಅರಳಿತು. ಮೇಲೆ ತಿರುಗಿ, "ಮುಗೀತು ಕಣ್ರೇ, ತೆಗೆದಿದಾರೆ" ಎಂದಳು. ಬಾಗಿಲುಗಳು ತೆರೆದವು. ಎಷ್ಟೋ ಹೊತ್ತಿನಿಂದ ತಡೆದುಕೊಂಡಿದ್ದವರು, ಫೋನು ಲ್ಯಾಪ್‌ಟಾಪು ಎಲ್ಲವನ್ನೂ ಒಟ್ಟಿಗೆ ಹಚ್ಚಿದರು. ಸಿನಿಮಾಳ ಕೋಣೆಯಿಂದ ಹಾಡು ಕೇಳಿತು. ಅವರ ತಪ್ಪೇನು, ಅವರು ಮಾತಿನಂತೆ ನಡೆದರು.

ಕೆಳಗೆ ಕೋಣೆಯಲ್ಲಿ ಪುಟ್ಟ ಅದೇ ಹೊತ್ತಿಗೆ ಮೊದಲ ಬಾರಿಗೆ ಬಾಯಿ ತೆರೆದಿದ್ದ.

"ಅಮ್ಮಾ, ಅದೇನು ಗೋಡೆ ಮೇಲೆ?"

"ಅದು ನಿನಗೇ ಕಂದ. ನೋಡು, ಮೇಲೆ ಏನಿದೆ ಹೇಳು?" ಚಿಕ್ಕಮ್ಮ ಫೋನನ್ನು ಪಟದ ಕಡೆ ತಿರುಗಿಸಿ ಹತ್ತಿರ ಹಿಡಿದಳು. ಪುಟ್ಟ ಕುರ್ಚಿಯಿಂದ ಇಳಿದು ಪರದೆಯ ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಅವನ ಮುಖವೇ ಪರದೆ ತುಂಬಿತು. ಕಣ್ಣು ಕಿರಿದು ಮಾಡಿದ. "ಮೀ..." ಎಂದ.

ಅಲ್ಲಿಗೆ ನಿಂತಿತು.

ಮೊದಲು ಅವಳು ಅವನು ಯೋಚಿಸುತ್ತಿದ್ದಾನೆ ಎಂದುಕೊಂಡಳು. "ಹೂಂ, ಹೇಳು, ಮೀನು, ಅದರ ಕೆಳಗೆ?" ಎಂದಳು. ಕಿರಿದಾದ ಕಣ್ಣು ಹಾಗೆಯೇ ಇತ್ತು, ಅರೆತೆರೆದ ಬಾಯಿ ಹಾಗೆಯೇ ಇತ್ತು. "ಪುಟ್ಟ?" ನ್ಯಾಯಾಧೀಶೆಯ ದನಿ ಚೂರುಚೂರಾಗಿ ಎಲ್ಲಿಂದಲೋ ಬಂತು, "...ಕೇಳಿಸ್ತಾ... ಅಮ್ಮ ನಿಮ್ಮ..." ಮತ್ತೆ ಏನೂ ಇಲ್ಲ. ಪರದೆಯ ನಡುವೆ ಬಿಳಿ ಉಂಗುರವೊಂದು ಸುತ್ತತೊಡಗಿತು, ಪುಟ್ಟನ ಹಣೆಯ ಮೇಲೆ.

ಆಗ ಅವಳಿಗೆ ಮೇಲಿನ ಹಾಡು ಕೇಳಿಸಿತು. ಬಾಗಿಲು ತಳ್ಳಿ ಹೊರಗೆ ಬಂದು ತಲೆಯೆತ್ತಿ ನೋಡಿದರೆ ಕಂಬಿ ಬರಿದಾಗಿತ್ತು, ಒರೆಸಿದ ಕಂಬಿ ಬಿಸಿಲಿಗೆ ಹೊಳೆಯುತ್ತಿತ್ತು. "ಆಫ್ ಮಾಡಿ, ಎಲ್ಲರೂ ಆಫ್ ಮಾಡಿ, ಇನ್ನೂ ಮುಗಿದಿಲ್ಲ" ಎಂದು ಕೂಗುತ್ತಾ ಮೆಟ್ಟಿಲು ಹತ್ತಿದಳು. ಸಿಕ್ಕ ಸಿಕ್ಕ ಬಾಗಿಲನ್ನು ಅಂಗೈಯಿಂದ ಬಡಿದಳು. ಹಾಡು ನಿಂತಿತು. ಹುಡುಗಿಯರು ಗಾಬರಿಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಟ್ಟಡದಲ್ಲಿ ಇದ್ದಬದ್ದದ್ದೆಲ್ಲ ಆರಿತು. ಅವಳು ಮತ್ತೆ ಕರೆ ಒತ್ತಿದಳು, ಮತ್ತೆ ಒತ್ತಿದಳು. ಪರದೆಯ ಮೇಲೆ ಒಂದೇ ಸಾಲು: ಈ ಕಲಾಪ ಮುಕ್ತಾಯಗೊಂಡಿದೆ.

ತಾರಸಿಗೆ ಓಡಿ, ಟ್ಯಾಂಕಿನ ಮಗ್ಗುಲಲ್ಲಿ ನಿಂತು ವಕೀಲನಿಗೆ ಫೋನ್ ಮಾಡಿದಳು.

"ಕಾದರಮ್ಮ, ಸ್ವಲ್ಪ ಹೊತ್ತು ಕಾದರು" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ವಾಸಿಯಿತ್ತು. "ಅವರ ವಕೀಲ ಬಿಡ್ತಾನಾ? ನೋಡಿ ಮೇಡಂ, ಒಂದು ಫೋನೂ ನಿಲ್ಲದ ಜಾಗದಲ್ಲಿ ಮಗೂಗೆ ಹುಷಾರಿಲ್ಲ ಅಂದ್ರೆ ಯಾರನ್ನ ಕರೀತಾರೆ ಅಂದ. ಅದು ಜಡ್ಜಿಗೆ ತಟ್ಟಿತು. ಕೋರ್ಟಿನ ರಜೆ ಕಳೆದ ಮೇಲೆ ನೋಡೋಣ ಅಂದ್ರು. ಅಲ್ಲೀವರೆಗೂ ಮಗು ಇದ್ದಲ್ಲೇ ಇರಲಿ ಅಂತ."

"ಶಾಲೆ?"

"ಅಲ್ಲೇ ಸೇರಿಸ್ತಾರೆ. ಇನ್ನೇನು ಮಾಡೋಕಾಗುತ್ತೆ."

"ಇನ್ನೊಂದ್ಸಲ ಕೇಳಿ. ಈಗ ಚೆನ್ನಾಗಿದೆ, ಈಗ ಬರುತ್ತೆ ಅಂತ ಹೇಳಿ. ನಾನು ಕಾಲಿಗೆ ಬೀಳ್ತೀನಿ ಅಂತ ಹೇಳಿ."

"ಎದ್ದು ಹೋದ್ರಮ್ಮ ಅವರು."

ಅವಳು ಕೇಳಿದಳು, "ಪುಟ್ಟ ಏನಂದ?"

"ಏನಿಲ್ಲ. ಪರದೆ ಹತ್ರ ನಿಂತು ನಿಮ್ಮನ್ನ ಹುಡುಕ್ತಿದ್ದ. ಮೀನು, ಮನೆ ಅಂತ ಏನೋ ಹೇಳ್ತಿದ್ದ, ನಿಮಗೆ ಕೇಳಿಸ್ತಿದೆ ಅಂದ್ಕೊಂಡು. ಅವರತ್ತೆ ಕೈ ಹಿಡಿದು ಕರ್ಕೊಂಡು ಹೋದ್ರು."

ಕೆಳಗಿಳಿದು ಬರುವಾಗ ತಿರುವಿನಲ್ಲಿ ಹುಡುಗಿಯರೆಲ್ಲ ಸೇರಿದ್ದರು. ಸಿನಿಮಾ ಬಿಕ್ಕುತ್ತಿದ್ದಳು. ನೀರಿನ ಬಾಟಲಿಯ ಹುಡುಗಿ, "ಟವೆಲ್ ಇರಲಿಲ್ಲ ಚಿಕ್ಕಮ್ಮ, ನಿಜವಾಗ್ಲೂ ಇರಲಿಲ್ಲ, ನನ್ನಾಣೆ" ಎನ್ನುತ್ತಿದ್ದಳು. ಯಾರು ತೆಗೆದರು, ಹಾಕಿದವರಲ್ಲದೆ ಇನ್ಯಾರು ತೆಗೆಯುತ್ತಾರೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದಾಗ, ಕೆಳಗಿನ ಮೆಟ್ಟಿಲಿನಿಂದ ತಾಯಿಯ ದನಿ ಬಂತು.

"ಇದಾ? ನಾನು ತೆಗೆದಿದ್ದು."

ಅವಳ ಅಂಗೈಯ ಮೇಲೆ ಕೆಂಪು ಚೌಕ ಇತ್ತು, ಆಸ್ಪತ್ರೆಯ ಕಪಾಟಿನಲ್ಲಿ ಇಡುವಂತೆ ಅಚ್ಚುಕಟ್ಟಾಗಿ ಮಡಿಸಿದ್ದು. "ಜಡ್ಜಮ್ಮ ಮೆಟ್ಟಿಲು ತೋರಿಸಿ ಅಂದ್ರಲ್ಲ. ಚೆನ್ನಾಗಿರಲ್ಲ ಅಂತ ತೆಗೆದೆ. ಯಾರದಮ್ಮ ಇದು? ಒಗೆದು ಕೊಡೋಣ ಅಂತಿದ್ದೆ."

ಒಬ್ಬ ಹುಡುಗಿ, ಎಲ್ಲರಿಗಿಂತ ಚಿಕ್ಕವಳು, ಮೆಲ್ಲಗೆ ಹೇಳಿದಳು. ಟವೆಲ್ ಏನು, ಅದು ಅಲ್ಲಿ ಯಾಕಿತ್ತು, ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು. ತಾಯಿ ಕೇಳುತ್ತಾ ಹೋದಳು. ಎಲ್ಲ ತಿಳಿಯಿತೋ ಇಲ್ಲವೋ, ತಿಳಿಯಬೇಕಾದ್ದು ತಿಳಿಯಿತು. ಮಗಳ ಕಡೆ ನೋಡಿದಳು.

"ಯಾಕಮ್ಮ ಮುಟ್ಟಿದೆ?" ಎಂದಳು ಚಿಕ್ಕಮ್ಮ. "ಎಲ್ಲಾ ಹೇಳಿದ್ದೆನಲ್ಲ. ಸುಮ್ಮನೆ ಕೂತ್ಕೋ ಅಂದಿದ್ದೆನಲ್ಲ. ಒಂದು ದಿನ, ಒಂದೇ ಒಂದು ದಿನ ಆ ಕೈ ಸುಮ್ಮನೆ ಇಟ್ಕೊಳೋಕೆ ಆಗ್ಲಿಲ್ವಾ ನಿನಗೆ?"

ಇದು ಅನ್ಯಾಯದ ಮಾತು ಎಂದು ಆಡುವಾಗಲೇ ಅವಳಿಗೆ ಗೊತ್ತಿತ್ತು. ಹೇಳದೆ ಬಿಟ್ಟವಳು ತಾನು, ಬೀಗ ಬೇಡ ಎಂದವಳೂ ತಾನೇ. ಗೊತ್ತಿದ್ದೂ ಆಡಿದಳು, ಅವಳಿಗೆ ಆಗ ಯಾರನ್ನಾದರೂ ನೋಯಿಸದೆ ಉಸಿರಾಡಲು ಆಗುತ್ತಿರಲಿಲ್ಲ. ತಾಯಿಯನ್ನು ದಾಟಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪುಟ್ಟನ ಮಂಚದ ಮೇಲೆ ಕೂರಲು ಮನಸ್ಸು ಬರಲಿಲ್ಲ, ನೆಲದ ಮೇಲೆ ಕೂತಳು. ಎದುರಿಗೆ ಪಟ. ಅಳು ಬಂದಾಗ ಕೆಳಗಿನ ಸಾಲಿನ ನಕ್ಷತ್ರ ಮೊದಲು ಮಸುಕಾಯಿತು, ಆಮೇಲೆ ದೋಣಿ, ಕೊಡೆ, ಮನೆ. ಮೂಲೆಯ ಪೆಟ್ಟಿಗೆಯಲ್ಲಿ ಹಸಿರು ದೀಪಗಳು ಒಂದೂ ಬಿಡದೆ ಉರಿಯುತ್ತಿದ್ದವು. ಇಡೀ ಕಟ್ಟಡದ ಲೈನು ಈಗ ಅವಳೊಬ್ಬಳಿಗೇ ಇತ್ತು.

ಹೊರಗೆ ತಾಯಿ ಸ್ವಲ್ಪ ಹೊತ್ತು ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ತಿರುವಿನಲ್ಲಿ ನಿಂತು ಟವೆಲಿನ ಮಡಿಕೆ ಬಿಚ್ಚಿ, ಇದ್ದಲ್ಲಿಯೇ ಹಾಕಿದಳು. ಎರಡೂ ಕಡೆ ಸಮವಾಗಿದೆಯೇ ಎಂದು ಬಗ್ಗಿ ನೋಡಿ, ಒಂದು ಕಡೆ ಚೂರು ಎಳೆದಳು. ಆಮೇಲೆ ಅದರ ಕೆಳಗಿನ ಮೆಟ್ಟಿಲ ಮೇಲೆ ಕೂತು, ಟವೆಲಿನ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡಳು.

"ಅಜ್ಜಿ, ಮುಗಿದುಹೋಯ್ತು. ಇನ್ನು ಬೇಡ ಅದು" ಎಂದು ಹುಡುಗಿಯೊಬ್ಬಳು ಹತ್ತಿರ ಬಂದು ಹೇಳಿದಳು. ತಾಯಿ ಅಂಚನ್ನು ಬಿಡಲಿಲ್ಲ. ಯಾರೋ ಟೀ ತಂದು ಪಕ್ಕದಲ್ಲಿಟ್ಟರು, ಅದು ಆರಿ ಮೇಲೆ ಕೆನೆ ಕಟ್ಟಿತು. ಕೈಯಿಂದ ಬಿಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಹುಡುಗಿಯರು ತಮ್ಮ ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಟವೆಲ್ ಕಂಬಿಯ ಮೇಲಿತ್ತು. ಯಾರೂ ನೆಟ್ ಮುಟ್ಟಲಿಲ್ಲ.

ಬಿಸಿಲು ಮೆಟ್ಟಿಲಿನಿಂದ ಇಳಿದು ಹೊರಗಿನ ಕಟ್ಟೆಯವರೆಗೆ ಹೋಗಿದ್ದಾಗ ತಂತಿ ಪ್ರಾಕ್ಟಿಕಲ್ಸ್ ಮುಗಿಸಿ ಬಂದಳು. ಓಡೋಡಿ ಬಂದಿದ್ದಳು, ಹೆಗಲ ಚೀಲ ಜಾರಿ ಮೊಣಕೈಗೆ ಬಂದಿತ್ತು. ಒಳಗೆ ಕಾಲಿಟ್ಟವಳು ಮೇಲೆ ಕೆಂಪು ಟವೆಲ್ ನೋಡಿ ತಟ್ಟನೆ ನಿಂತಳು. ಮುಚ್ಚಿದ ಕೋಣೆಯ ಬಾಗಿಲನ್ನು ನೋಡಿದಳು, ಮೆಟ್ಟಿಲ ಮೇಲೆ ಕೂತಿದ್ದ ಮುದುಕಿಯನ್ನು ನೋಡಿದಳು. ಕಣ್ಣರಳಿಸಿ, ಪಿಸುದನಿಯಲ್ಲಿ ಕೇಳಿದಳು.

"ಇನ್ನೂ ನಡೀತಾ ಇದೆಯಾ ಅಜ್ಜಿ?"

ತಾಯಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಟವೆಲಿನ ಅಂಚನ್ನು ಬಿಡದೆ, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು.

ತಂತಿ ತಲೆಯಾಡಿಸಿದಳು. ಬಗ್ಗಿ ಎರಡೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಅವಳನ್ನು ದಾಟಿ, ತುದಿಗಾಲಲ್ಲಿ ಮೇಲೆ ಹೋದಳು.